ಗೇರ್ ಬೀಳುತ್ತಿಲ್ಲ ಅಂತ ಡಿರೈಲರ್ ಬದಲಿಸಬೇಡಿ

ಪ್ರಶ್ನೆ: ನಾನು ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರು. ಮೂರು ವರ್ಷದ ಹಿಂದೆ ತಗೊಂಡ 21 ಗೇರಿನ ಸೈಕಲ್ ಇದೆ. ದಿನಾ ಶಾಲೆಗೆ, ಭಾನುವಾರ ಶ್ರೀರಂಗಪಟ್ಟಣದ ಕಡೆಗೆ, ಆಗಾಗ ಕರಿಘಟ್ಟಕ್ಕೆ ಅದರಲ್ಲೇ ಹೋಗುತ್ತೇನೆ. ಈ ಮಳೆಗಾಲ ಕಳೆದ ಮೇಲೆ ಹಿಂದಿನ ಗೇರ್ ಹಟ ಹಿಡಿದಿದೆ. ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದರೆ ಏರುತ್ತದೆ, ಚಿಕ್ಕದಕ್ಕೆ ಇಳಿಸಿದರೆ ತಕ್ಷಣ ಇಳಿಯುವುದಿಲ್ಲ. ಎರಡು ಮೂರು ಸುತ್ತು ತುಳಿದ ಮೇಲೆ ಟಕ್ ಅಂತ ಬೀಳುತ್ತದೆ, ಕೆಲವು ಸಲ ಎರಡು ಗೇರ್ ಒಟ್ಟಿಗೆ ಬೀಳುತ್ತದೆ. ಏರಿನಲ್ಲಿ 4ನೇ ಗೇರ್ ಹಾಕಿ ಒತ್ತಿ ತುಳಿದರೆ ಚೈನು ಕಡಕ್ ಅಂತ ಜಾರುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಹಿಂದಿನ ಸ್ಕ್ರೂಗಳನ್ನು ಬಿಗಿ ಮಾಡಿಕೊಟ್ಟರು. ಅಲ್ಲಿಂದಾಚೆಗೆ 1ನೇ ಗೇರೇ ಬರುತ್ತಿಲ್ಲ. ಈಗ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೋಗಿದೆ, ಹೊಸದು ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ? ಮನೆಯಲ್ಲೇ ಏನಾದರೂ ಮಾಡಬಹುದೇ?

ಉತ್ತರ: ಮೇಷ್ಟ್ರೇ, ಡಿರೈಲರ್‌ಗೆ ದುಡ್ಡು ಹಾಕಬೇಡಿ, ಸದ್ಯಕ್ಕಂತೂ ಬೇಡ. ನೀವು ಬರೆದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ನೀವು ಹೇಳಿದ ಗುರುತುಗಳನ್ನು ನೋಡಿದರೆ ಮೂರರಲ್ಲಿ ಒಂದೂ ಡಿರೈಲರ್‌ನದು ಅನ್ನಿಸುವುದಿಲ್ಲ.

ಗೇರ್ ಸರಿಯಾಗಿ ಬೀಳದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಆ ಎರಡು ಸ್ಕ್ರೂಗಳ ಮೇಲೆ. ಕಣ್ಣಿಗೆ ಕಾಣುತ್ತವೆ, ಸ್ಕ್ರೂಡ್ರೈವರ್ ಕೈಗೆ ಸಿಗುತ್ತದೆ, ತಿರುಗಿಸಿಬಿಡುತ್ತಾರೆ. ಆದರೆ ಮೊನ್ನೆವರೆಗೆ ಚೆನ್ನಾಗಿದ್ದ ಗೇರ್ ಇವತ್ತು ಕೆಟ್ಟಿದೆ ಅಂದರೆ ನಡುವೆ ಏನೋ ಬದಲಾಗಿರಬೇಕು, ಅಲ್ವಾ? ಆ ಸ್ಕ್ರೂಗಳು ತಾವಾಗಿಯೇ ತಿರುಗುವುದು ತೀರಾ ಅಪರೂಪ. ಬದಲಾಗುವುದು ವೈರು, ವೈರು ಓಡಾಡುವ ಹೊರಕೊಳವೆ ಅಂದರೆ ಔಟರ್, ಚೈನು, ಹಲ್ಲು, ಇಲ್ಲಾ ಡಿರೈಲರ್ ನೇತಾಡುವ ಪಟ್ಟಿ. ಕೆಟ್ಟದ್ದನ್ನು ಬಿಟ್ಟು ಸರಿಯಿದ್ದದ್ದನ್ನು ತಿರುಗಿಸಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ. ನಿಮ್ಮ 1ನೇ ಗೇರ್ ಹೋಗಿದ್ದು ಹಾಗೆಯೇ.

ಮುಂದಕ್ಕೆ ಓದುವ ಮೊದಲು ಒಂದು ಮಾತು. 1ನೇ ಗೇರ್ ಅಂದರೆ ಹಿಂದೆ ಎಲ್ಲಕ್ಕಿಂತ ದೊಡ್ಡ ಚಕ್ರ, ಕಡ್ಡಿಗಳಿಗೆ ಅಂಟಿಕೊಂಡಂತೆ ಇರುವುದು. 7 ಅಂದರೆ ಎಲ್ಲಕ್ಕಿಂತ ಚಿಕ್ಕದು, ಹೊರತುದಿಯಲ್ಲಿರುವುದು. ತುಂಬಾ ಜನ ಇದನ್ನು ತಿರುಗುಮುರುಗು ಮಾಡಿಕೊಳ್ಳುತ್ತಾರೆ.

ಈಗ ಮೊದಲನೆಯ ತೊಂದರೆ. ಏರಿಸಿದರೆ ಸಲೀಸು, ಇಳಿಸಿದರೆ ತಡ. ಯಾವ ಕಡೆಗೆ ತಡ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಹಿಂದಿನ ಡಿರೈಲರ್ ಒಳಗೆ ಒಂದು ಸ್ಪ್ರಿಂಗ್ ಇದೆ. ಅದು ಡಿರೈಲರನ್ನು ಯಾವಾಗಲೂ ಹೊರಕ್ಕೆ, ಅಂದರೆ ಚಿಕ್ಕ ಚಕ್ರದ ಕಡೆಗೆ ಎಳೆಯುತ್ತಿರುತ್ತದೆ. ನೀವು ಹ್ಯಾಂಡಲ್ ಮೇಲಿನ ಶಿಫ್ಟರ್ ಒತ್ತಿದಾಗ ವೈರು ಅದನ್ನು ಒಳಕ್ಕೆ, ದೊಡ್ಡ ಚಕ್ರದ ಕಡೆಗೆ ಎಳೆಯುತ್ತದೆ. ಒಳಕ್ಕೆ ತರುವುದು ನಿಮ್ಮ ಬೆರಳಿನ ಬಲ, ಹೊರಕ್ಕೆ ಕಳಿಸುವುದು ಸ್ಪ್ರಿಂಗಿನ ಬಲ. ಔಟರ್ ಒಳಗೆ ತುಕ್ಕು ಮಣ್ಣು ಏನೇ ಇದ್ದರೂ ಬೆರಳು ಎಳೆದುಬಿಡುತ್ತದೆ. ಪಾಪ, ಸ್ಪ್ರಿಂಗಿಗೆ ಅಷ್ಟು ತಾಕತ್ತಿಲ್ಲ. ವೈರು ಔಟರ್‌ನಲ್ಲಿ ಹಿಡಿದುಕೊಂಡರೆ ಅದು ಕಾಯುತ್ತದೆ. ಸೈಕಲ್ ಅಲುಗಾಡಿ ವೈರು ಒಂಚೂರು ಬಿಟ್ಟುಕೊಟ್ಟಾಗ ಟಕ್ ಅಂತ ಬೀಳುತ್ತದೆ. ಅಷ್ಟರಲ್ಲಿ ನೀವು ತಾಳ್ಮೆ ಕಳೆದುಕೊಂಡು ಇನ್ನೊಂದು ಕ್ಲಿಕ್ ಕೊಟ್ಟಿರುತ್ತೀರಿ, ಎರಡೂ ಒಟ್ಟಿಗೆ ಬೀಳುತ್ತವೆ.

ಇದೇ ಉಲ್ಟಾ ಆಗಿ, ಇಳಿಯುವುದು ಸಲೀಸು, ಏರುವುದು ತಡ ಅಂತ ನೀವು ಬರೆದಿದ್ದರೆ ನನ್ನ ಉತ್ತರ ನಾಲ್ಕೇ ಸಾಲಿನಲ್ಲಿ ಮುಗಿಯುತ್ತಿತ್ತು. ವೈರು ಸಡಿಲ ಆಗಿದೆ, ಅದರ ಬಿಗಿ ಹೊಂದಿಸುವ ಅಡ್ಜಸ್ಟರ್ ಅರ್ಧ ಸುತ್ತು ಬಿಚ್ಚಿ, ಸರಿಹೋಗುತ್ತದೆ ಅಂತ. ಹೊಸ ಸೈಕಲ್ ತಗೊಂಡ ಮೊದಲ ತಿಂಗಳಲ್ಲಿ ಎಲ್ಲರಿಗೂ ಇದೇ ಆಗುತ್ತದೆ. ವೈರು ಹಿಗ್ಗಿತು ಅನ್ನುತ್ತಾರೆ. ನಿಜವಾಗಿ ವೈರಿಗಿಂತ ಹೆಚ್ಚಾಗಿ ಔಟರ್ ತುದಿಗಳು ತಮ್ಮ ಜಾಗದಲ್ಲಿ ಕೂತು ಒಂದೆರಡು ಮಿಲಿಮೀಟರ್ ಕಡಿಮೆಯಾಗಿರುತ್ತವೆ.

ಒಂದೆರಡು ಮಿಲಿಮೀಟರ್‌ಗೆ ಇಷ್ಟೊಂದು ರಾದ್ಧಾಂತವೇ ಅಂತ ಕೇಳಬಹುದು. ಹೌದು. 7 ಗೇರಿನ ಫ್ರೀವೀಲ್‌ನಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಒಂದು ಚಕ್ರದಿಂದ ಪಕ್ಕದ ಚಕ್ರಕ್ಕೆ ಇರುವ ದೂರ ಸುಮಾರು 5 ಮಿ.ಮೀ. ಶಿಫ್ಟರ್ ಒಂದು ಕ್ಲಿಕ್‌ಗೆ ಎಳೆಯುವ ವೈರು 3 ಮಿ.ಮೀ.ಗಿಂತಲೂ ಒಂಚೂರು ಕಡಿಮೆ. ಅಂದರೆ ವೈರಿನಲ್ಲಿ 1 ಮಿ.ಮೀ. ಏರುಪೇರಾದರೆ ಡಿರೈಲರ್ ಹತ್ತಿರ ಹತ್ತಿರ 2 ಮಿ.ಮೀ. ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಆಗ ಚೈನು ಎರಡು ಚಕ್ರಗಳ ನಡುವೆ ತಡಕಾಡುತ್ತಾ ಕರಕರ ಸದ್ದು ಮಾಡುತ್ತದೆ. ಹಳೆಯ ಗೇರ್ ಸೈಕಲ್‌ಗಳಲ್ಲಿ ಈ ತಲೆನೋವು ಇರಲಿಲ್ಲ. ಅವುಗಳಲ್ಲಿ ಕ್ಲಿಕ್ಕೇ ಇರಲಿಲ್ಲ, ಸವಾರನೇ ಲಿವರ್ ಜರುಗಿಸುತ್ತಾ ಸದ್ದು ನಿಲ್ಲುವ ಜಾಗ ಹುಡುಕಿಕೊಳ್ಳುತ್ತಿದ್ದ. ಕ್ಲಿಕ್ ಗೇರ್ ಗಟ್ಟಿಯಾಗಿ ನೆಲೆಯೂರಿದ್ದು 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ತನ್ನ ಎಸ್‌ಐಎಸ್ ಪದ್ಧತಿ ತಂದ ಮೇಲೆ. ನಿಮ್ಮ ಶಿಫ್ಟರ್ ಮೇಲೂ ಆ ಮೂರಕ್ಷರ ಇರಬಹುದು, ನೋಡಿ. ಅನುಕೂಲವೇನೋ ಬಂತು. ಜೊತೆಗೆ ವೈರು ಯಾವಾಗಲೂ ಚೊಕ್ಕವಾಗಿರಬೇಕು ಅನ್ನುವ ಕರಾರೂ ಬಂತು.

ನಮ್ಮ ಕಡೆ ವೈರು ಚೊಕ್ಕವಾಗಿರಲು ಬಿಡುವುದಿಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೊಗಳಿಗೂ ಪ್ರವೇಶವಿಲ್ಲ, ಇನ್ನು ಸೈಕಲ್ ಎಲ್ಲಿಂದ? ನೀವು ಹೋಗುವುದು ಸರ್ವಿಸ್ ರಸ್ತೆಯಲ್ಲಿ ಇಲ್ಲಾ ಊರೊಳಗಿನ ನಾಲೆ ಏರಿ ಮೇಲೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಏಳುವ ಧೂಳು, ಮಳೆ ಬಂದರೆ ಗದ್ದೆ ಬದಿಯ ಕೆಸರು. ಇವೆರಡೂ ಮೊದಲು ಹೋಗಿ ಸೇರುವುದು ಡಿರೈಲರ್ ಹತ್ತಿರ ಬಿಲ್ಲಿನ ಆಕಾರದಲ್ಲಿ ಬಾಗಿರುವ ಆ ಚಿಕ್ಕ ಔಟರ್ ತುಂಡಿಗೆ. ಅದು ನೆಲಕ್ಕೆ ಹತ್ತಿರ, ಚಕ್ರ ಎರಚುವ ನೀರಿಗೆ ನೇರ ಎದುರು. ಅರ್ಧಕ್ಕರ್ಧ ಗೇರ್ ರೋಗ ಆ ಒಂದು ಗೇಣು ಔಟರ್‌ನಲ್ಲೇ ಇರುತ್ತದೆ ಅಂತ ನನ್ನ ಅನುಭವ. ಆಯುಧಪೂಜೆ ಹೊತ್ತಿಗೆ ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟು ಸೈಕಲ್ ತೊಳೆಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಬಕೆಟ್ ನೀರು, ಬಟ್ಟೆ ಸಾಕು. ಹಾರವನ್ನು ಹ್ಯಾಂಡಲ್‌ಗೆ ಹಾಕಿ. ಡಿರೈಲರ್‌ಗೆ ಸುತ್ತಿದ ಸೇವಂತಿಗೆ ದಾರ ಪುಲ್ಲಿಯೊಳಗೆ ಸೇರಿಕೊಂಡರೆ ಬಿಡಿಸುವುದು ಬಲು ಕಷ್ಟ.

ವೈರೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಲು ಏನೂ ಬಿಚ್ಚಬೇಕಾಗಿಲ್ಲ. ಹಿಂದಿನ ಚಕ್ರ ನೆಲದಿಂದ ಮೇಲೆತ್ತಿ, ಪೆಡಲ್ ಕೈಯಲ್ಲಿ ತಿರುಗಿಸುತ್ತಾ 2ನೇ ಗೇರಿಗೆ ಏರಿಸಿ. ಪೆಡಲ್ ನಿಲ್ಲಿಸಿ. ಚಕ್ರ ತಿರುಗದೇ ಇರುವಾಗಲೇ ಶಿಫ್ಟರನ್ನು ಕ್ಲಿಕ್ ಕ್ಲಿಕ್ ಮಾಡಿ 7ಕ್ಕೆ ಬಿಡಿ. ಚೈನು ಅಲ್ಲೇ ಇರುತ್ತದೆ, ವೈರು ಮಾತ್ರ ಸಡಿಲವಾಗುತ್ತದೆ. ಈಗ ಫ್ರೇಮ್ ಮೇಲೆ ಔಟರ್ ಕೂತಿರುವ ಸ್ಟಾಪ್‌ಗಳಲ್ಲಿ ಸೀಳು ಇದ್ದರೆ ಔಟರನ್ನು ಅಲ್ಲಿಂದ ಈಚೆಗೆ ತೆಗೆಯಬಹುದು. ತೆಗೆದು ವೈರಿನ ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿ. ಬೆಣ್ಣೆಯಲ್ಲಿ ಜಾರಿದಷ್ಟು ಸಲೀಸಾಗಿ ಹೋಗಬೇಕು. ಕರಕರ ಅಂದರೆ, ವೈರಿನ ಮೇಲೆ ಕಂದು ಕಲೆ ಕಂಡರೆ, ಎಳೆ ಒಂದಾದರೂ ಕಿತ್ತು ನಿಂತಿದ್ದರೆ, ವೈರು ಔಟರ್ ಎರಡನ್ನೂ ಬದಲಿಸಿ. ಬರೀ ಎಣ್ಣೆ ಬಿಟ್ಟು ಸರಿ ಮಾಡುತ್ತೇನೆ ಅಂತ ಹೊರಟರೆ ವಾರ ಹದಿನೈದು ದಿನ ಚೆನ್ನಾಗಿರುತ್ತದೆ, ಆಮೇಲೆ ಎಣ್ಣೆಯೂ ಧೂಳೂ ಸೇರಿ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ.

ಅಂಗಡಿಯಲ್ಲಿ ಕೇಳುವಾಗ ಹುಷಾರು. ಗೇರ್ ವೈರು ಬೇರೆ, ಬ್ರೇಕ್ ವೈರು ಬೇರೆ. ಗೇರ್ ವೈರು 1.2 ಮಿ.ಮೀ. ದಪ್ಪ, ಬ್ರೇಕ್‌ದು 1.5 ಮಿ.ಮೀ. ಇರುತ್ತದೆ. ಔಟರ್ ಕೂಡ ಬೇರೆ. ಗೇರ್‌ದು 4 ಮಿ.ಮೀ., ಬ್ರೇಕ್‌ದು 5 ಮಿ.ಮೀ. ಗೇರ್ ಔಟರ್ ಸಿಗಲಿಲ್ಲ ಅಂತ ಬ್ರೇಕ್ ಔಟರ್ ಹಾಕಿ ಕಳಿಸುವುದನ್ನು ನೋಡುತ್ತಲೇ ಇರುತ್ತೇನೆ. ಬ್ರೇಕ್ ಔಟರ್ ಒಳಗಿನ ತಂತಿ ಸುರುಳಿ ಸುತ್ತಿರುತ್ತದೆ. ವೈರು ಎಳೆದಾಗ, ಹ್ಯಾಂಡಲ್ ತಿರುಗಿಸಿದಾಗ ಅದರ ಉದ್ದ ಒಂಚೂರು ಬದಲಾಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ. ಗೇರಿಗೆ 1 ಮಿ.ಮೀ. ಕೂಡ ಲೆಕ್ಕವೇ ಅಂತ ಆಗಲೇ ಹೇಳಿದೆ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ನೇರವಾಗಿ ಹೋಗಿರುತ್ತವೆ, ಅದಕ್ಕೇ ಅದು ಕುಗ್ಗುವುದಿಲ್ಲ. ಇದರ ಉಲ್ಟಾ ಮಾತ್ರ ಯಾವತ್ತೂ ಮಾಡಬೇಡಿ. ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ, ಜೋರಾಗಿ ಬ್ರೇಕ್ ಹಿಡಿದಾಗ ಆ ನೇರ ತಂತಿಗಳು ಸಿಡಿದು ಹೊರಬರಬಹುದು. ಕರಿಘಟ್ಟದ ಇಳಿಜಾರಿನಲ್ಲಿ ಹಾಗಾದರೆ ದೇವರೇ ಗತಿ.

ಔಟರ್ ಕತ್ತರಿಸುವಾಗ ಹಳೆಯ ತುಂಡನ್ನೇ ಅಳತೆಗೆ ಇಟ್ಟುಕೊಳ್ಳಿ. ಹಿಂದಿನ ತುಂಡು ಗಿಡ್ಡವಾಗಿ ಮುರಿದಂತೆ ಬಾಗಿದ್ದರೆ ಈ ಸಲ ಒಂದು ಬೆರಳಿನಷ್ಟು ಉದ್ದ ಬಿಡಿ, ಸರಾಗವಾದ ಬಾಗು ಇರಬೇಕು. ಕಟಿಂಗ್ ಪ್ಲೇಯರ್ ಮೊಂಡಾಗಿದ್ದರೆ ತುದಿ ಜಜ್ಜಿಹೋಗುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಮೂಟೆ ಹೊಲಿಯುವ ದಬ್ಬಳ ಇರುತ್ತದಲ್ಲ, ಅದನ್ನು ತೂರಿಸಿ ತೂತು ಮತ್ತೆ ದುಂಡಗೆ ಮಾಡಿ. ತುದಿಯನ್ನು ಅರದಲ್ಲಿ ಉಜ್ಜಿ ಸಪಾಟು ಮಾಡಿ, ಕ್ಯಾಪ್ ಹಾಕಿ. ಕ್ಯಾಪ್ ಇಲ್ಲದೆ ಹಾಕಿದರೆ ತಂತಿಗಳು ಸ್ಟಾಪ್ ಒಳಗೆ ನುಗ್ಗುತ್ತಾ ಹೋಗುತ್ತವೆ, ನೀವು ದಿನಾ ಅಡ್ಜಸ್ಟ್ ಮಾಡುತ್ತಾ ಕೂರಬೇಕಾಗುತ್ತದೆ. ಔಟರ್ ಒಳಗೆ ಗ್ರೀಸ್ ತುಂಬಬೇಡಿ. ಆ ಪ್ಲಾಸ್ಟಿಕ್ ಕೊಳವೆ ಇರುವುದೇ ವೈರು ಜಾರಲಿ ಅಂತ.

ಇನ್ನು ಎರಡನೆಯ ತೊಂದರೆ, ಸ್ಕ್ರೂ. ಡಿರೈಲರ್ ಮೇಲೆ ಎಚ್ ಮತ್ತು ಎಲ್ ಅಂತ ಬರೆದ ಎರಡು ಸ್ಕ್ರೂ ಇವೆ. ಎಚ್ ಚಿಕ್ಕ ಚಕ್ರದ ಕಡೆಯ ಎಲ್ಲೆ, ಎಲ್ ದೊಡ್ಡ ಚಕ್ರದ ಕಡೆಯ ಎಲ್ಲೆ. ಅದಕ್ಕಿಂತ ಆಚೆಗೆ ಡಿರೈಲರ್ ಹೋಗದಂತೆ ತಡೆಯುವುದಷ್ಟೇ ಇವುಗಳ ಕೆಲಸ. ನಡುವಿನ ಐದು ಗೇರುಗಳಿಗೂ ಇವಕ್ಕೂ ಸಂಬಂಧವೇ ಇಲ್ಲ. ನಿಮ್ಮ ಮೆಕ್ಯಾನಿಕ್ ಎಲ್ ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ದಾರೆ, ಅದಕ್ಕೇ ಡಿರೈಲರ್ 2ನೇ ಚಕ್ರದ ಹತ್ತಿರವೇ ನಿಂತುಬಿಡುತ್ತಿದೆ. ಎಚ್ ಅನ್ನೂ ಮುಟ್ಟಿದ್ದಾರೋ ಏನೋ. ಎರಡನ್ನೂ ಹೊಸದಾಗಿ ಹೊಂದಿಸುವುದು ಒಳ್ಳೆಯದು.

ಹೊಸ ವೈರು ಹಾಕುವಾಗಲೇ ಈ ಕೆಲಸ ಮಾಡಿ, ಏಕೆಂದರೆ ವೈರು ಬಿಚ್ಚಿರುವಾಗ ಸ್ಕ್ರೂ ಹೊಂದಿಸುವುದು ಸುಲಭ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಮಾಡುವವರಿದ್ದಾರೆ. ತಪ್ಪೇನಿಲ್ಲ, ಆದರೆ ಮೇಲೆ ಕೆಳಗೆ ಎಲ್ಲಾ ಅದಲುಬದಲಾಗಿ ತಲೆ ಕೆಡುತ್ತದೆ. ಸೀಟಿಗೆ ಹಗ್ಗ ಕಟ್ಟಿ ಜಗಲಿ ತೊಲೆಗೋ ಗಟ್ಟಿ ಕೊಂಬೆಗೋ ನೇತುಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿದ್ದರೆ ಸಾಕು. ವೈರು ಕಟ್ಟಿದ ಬೋಲ್ಟ್ ಬಿಚ್ಚಲು 5 ಎಂಎಂ ಅಲೆನ್ ಕೀ ಬೇಕು, ಕೆಲವು ಡಿರೈಲರ್‌ಗಳಲ್ಲಿ 9 ಎಂಎಂ ಸ್ಪ್ಯಾನರ್. ವೈರು ಬಿಚ್ಚಿದ ಕೂಡಲೇ ಸ್ಪ್ರಿಂಗ್ ಡಿರೈಲರನ್ನು ಹೊರತುದಿಗೆ ಎಳೆಯುತ್ತದೆ. ಪೆಡಲ್ ತಿರುಗಿಸಿ ಚೈನನ್ನು ಅತಿ ಚಿಕ್ಕ ಚಕ್ರಕ್ಕೆ ಇಳಿಸಿ. ಈಗ ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಡಿರೈಲರ್‌ನ ಮೇಲಿನ ಪುಟ್ಟ ಪುಲ್ಲಿ ಅತಿ ಚಿಕ್ಕ ಚಕ್ರದ ನೇರ ಕೆಳಗೆ ಇರಬೇಕು. ತೀರಾ ಹೊರಗಿದ್ದರೆ ಎಚ್ ಸ್ಕ್ರೂ ಬಿಗಿ ಮಾಡಿ, ಒಳಗಿದ್ದರೆ ಬಿಚ್ಚಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ.

ಎಲ್ ಸ್ಕ್ರೂಗೆ ಇಷ್ಟು ಅವಸರ ಬೇಡ. ಅದನ್ನು ಜಾಸ್ತಿ ಬಿಚ್ಚಿದರೆ ಚೈನು ದೊಡ್ಡ ಚಕ್ರ ದಾಟಿ ಕಡ್ಡಿಗಳ ನಡುವೆ ಬೀಳುತ್ತದೆ. ಕಡ್ಡಿ ತುಂಡಾಗುತ್ತದೆ, ಡಿರೈಲರ್ ಮುರಿಯುತ್ತದೆ. ಆಗ ನಿಜವಾಗಿಯೂ ಹೊಸ ಡಿರೈಲರ್ ಬೇಕಾಗುತ್ತದೆ. ಅದಕ್ಕೇ ವೈರು ಇಲ್ಲದೆ ಕೈಯಲ್ಲಿ ಮಾಡುವುದು. ಒಂದು ಕೈಯಲ್ಲಿ ಪೆಡಲ್ ನಿಧಾನವಾಗಿ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಡಿರೈಲರ್ ಮೈಯನ್ನು ಒಳಕ್ಕೆ ತಳ್ಳಿ. ಬೆರಳು ಚೈನಿಗೂ ಕಡ್ಡಿಗೂ ಸಿಗದಂತೆ ನೋಡಿಕೊಳ್ಳಿ. ಚೈನು ದೊಡ್ಡ ಚಕ್ರದ ಮೇಲೆ ಹತ್ತಬೇಕು, ಎಷ್ಟು ತಳ್ಳಿದರೂ ಅದರಾಚೆಗೆ ಹೋಗಬಾರದು. ಹತ್ತದಿದ್ದರೆ ಎಲ್ ಸ್ಕ್ರೂ ಕಾಲು ಸುತ್ತು ಬಿಚ್ಚಿ, ಮತ್ತೆ ತಳ್ಳಿ. ಸಂಜೆಯ ಅರೆಬೆಳಕಿನಲ್ಲಿ ಮಾಡುವ ಕೆಲಸ ಅಲ್ಲ ಇದು. ಭಾನುವಾರ ಬೆಳಿಗ್ಗೆ ಮಾಡಿ.

ಮೂರನೆಯ ಸ್ಕ್ರೂ ಒಂದಿದೆ, ಡಿರೈಲರ್ ನೇತಾಡುವ ಜಾಗದ ಹಿಂಬದಿಯಲ್ಲಿ. ಕೆಲವು ಅಗ್ಗದ ಡಿರೈಲರ್‌ಗಳಲ್ಲಿ ಇರುವುದಿಲ್ಲ. ಇದ್ದರೆ, ಚೈನು 1ನೇ ಗೇರಿನಲ್ಲಿದ್ದಾಗ ಮೇಲಿನ ಪುಲ್ಲಿಗೂ ದೊಡ್ಡ ಚಕ್ರಕ್ಕೂ ನಡುವೆ 5-6 ಮಿ.ಮೀ. ಸಂದು ಇರುವಂತೆ ಮಾಡಿ. ಮುಂದಕ್ಕೆ ಅದರ ಸುದ್ದಿಗೆ ಹೋಗಬೇಡಿ.

ಈಗ ವೈರು ಕಟ್ಟುವುದು. ಶಿಫ್ಟರನ್ನು 7ಕ್ಕೆ ತನ್ನಿ. ಇದನ್ನು ಮರೆತು 5ರಲ್ಲೋ 6ರಲ್ಲೋ ಕಟ್ಟಿದರೆ ಇಡೀ ಲೆಕ್ಕ ತಪ್ಪುತ್ತದೆ. ಡಿರೈಲರ್ ಹಿಂಭಾಗದಲ್ಲಿ ವೈರು ಒಳಹೋಗುವ ಜಾಗದಲ್ಲಿ ಬೆರಳಲ್ಲಿ ತಿರುಗಿಸುವ ಅಡ್ಜಸ್ಟರ್ ಇರುತ್ತದೆ, ಇಲ್ಲದಿದ್ದರೆ ಶಿಫ್ಟರ್ ಹತ್ತಿರ ಇರುತ್ತದೆ. ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದು ಸುತ್ತು ವಾಪಸ್ ಬಿಚ್ಚಿ. ವೈರನ್ನು ಕೈಯಲ್ಲಿ ಎಳೆದು ಬಿಗಿ ಹಿಡಿದು ಬೋಲ್ಟ್ ಕಟ್ಟಿ. ವೈರು ಕೂರಲು ಅಲ್ಲಿ ತೋಡಿದ ಒಂದು ಗೆರೆ ಇರುತ್ತದೆ, ಅದರಲ್ಲೇ ಕೂರಬೇಕು. ಪಕ್ಕದಲ್ಲಿ ಕೂತರೆ ಎಳೆತದ ಲೆಕ್ಕವೇ ಬೇರೆಯಾಗುತ್ತದೆ.

ಪೆಡಲ್ ತಿರುಗಿಸುತ್ತಾ ಒಂದೇ ಒಂದು ಕ್ಲಿಕ್ ಕೊಡಿ. ಚೈನು 6ಕ್ಕೆ ಹತ್ತಬೇಕು. ಹತ್ತದಿದ್ದರೆ, ಇಲ್ಲಾ ತಡ ಮಾಡಿ ಹತ್ತಿದರೆ ವೈರಿನ ಬಿಗಿ ಸಾಲದು. ಅಡ್ಜಸ್ಟರನ್ನು ಹೊರಕ್ಕೆ ಬಿಚ್ಚುವ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. 5ನೇ ಚಕ್ರಕ್ಕೆ ತಾಗಿ ಸದ್ದು ಬಂದರೆ ಬಿಗಿ ಜಾಸ್ತಿ, ಒಳಕ್ಕೆ ಕಾಲು ಸುತ್ತು. ಹೀಗೆ 6ನೇ ಗೇರಿನಲ್ಲಿ ಸದ್ದು ಪೂರ್ತಿ ನಿಲ್ಲುವವರೆಗೆ ಮಾಡಿ, ಆಮೇಲೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಒಂದೊಂದೇ ಗೇರ್ ಹಾಕಿ ನೋಡಿ. ಸ್ಕ್ರೂಡ್ರೈವರ್ ಈ ಹೊತ್ತಿಗೆ ಡಬ್ಬ ಸೇರಿರಬೇಕು. ಮೊದಲ ವಾರ ಓಡಿಸಿದ ಮೇಲೆ ಅಡ್ಜಸ್ಟರ್ ಇನ್ನೊಂದು ಕಾಲು ಸುತ್ತು ಬಿಚ್ಚಬೇಕಾಗಬಹುದು, ಅದು ಮಾಮೂಲು.

ಇಷ್ಟಾದ ಮೇಲೂ ದೊಡ್ಡ ಚಕ್ರಗಳಲ್ಲಿ ಸರಿ ಮಾಡಿದರೆ ಚಿಕ್ಕದರಲ್ಲಿ ಸದ್ದು, ಚಿಕ್ಕದರಲ್ಲಿ ಸರಿ ಮಾಡಿದರೆ ದೊಡ್ಡದರಲ್ಲಿ ಸದ್ದು ಅಂತ ಕಣ್ಣಾಮುಚ್ಚಾಲೆ ಆಡಿದರೆ, ಹ್ಯಾಂಗರ್ ಬಾಗಿದೆ. ಡಿರೈಲರ್ ನೇತಾಡುವ ಪಟ್ಟಿಗೆ ಹ್ಯಾಂಗರ್ ಅನ್ನುತ್ತಾರೆ. ಸೈಕಲ್ ಬಲಗಡೆಗೆ ಬಿದ್ದರೆ ಮೊದಲು ಬಾಗುವುದು ಅದೇ. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಬಿದ್ದರೆ ಸಾಲಾಗಿ ಹತ್ತು ಬೀಳುತ್ತವೆ, ನಿಮಗೆ ನಾನು ಹೇಳಬೇಕೇ. ಹಿಂದಿನಿಂದ ನೋಡಿದಾಗ ಎರಡು ಪುಲ್ಲಿಗಳೂ, ಮೇಲಿರುವ ಚಕ್ರವೂ ಒಂದೇ ನೇರದಲ್ಲಿ ಕಾಣಬೇಕು. ಕೆಳಗಿನ ಪುಲ್ಲಿ ಕಡ್ಡಿಗಳ ಕಡೆಗೆ ವಾಲಿದ್ದರೆ ಬಾಗಿದೆ ಅಂತಲೇ ಅರ್ಥ. ಅಲ್ಯೂಮಿನಿಯಂ ಫ್ರೇಮ್‌ಗಳಲ್ಲಿ ಈ ಪಟ್ಟಿ ಬೇಕಂತಲೇ ಮೆತ್ತಗಿರುತ್ತದೆ, ಫ್ರೇಮ್ ಉಳಿಯಲಿ ಅಂತ. ಬಿಚ್ಚಿ ಬದಲಿಸಬಹುದು. ಅದನ್ನು ನೇರ ಮಾಡುವ ಅಳತೆಕೋಲಿನಂಥ ಸಾಧನ ಮೈಸೂರಿನ ಗೇರ್ ಸೈಕಲ್ ಅಂಗಡಿಗಳಲ್ಲಿ ಇರುತ್ತದೆ, ಸುತ್ತಿಗೆ ಇಟ್ಟು ಬಡಿಯಲು ಬಿಡಬೇಡಿ.

ನಿಮ್ಮದು ಕಬ್ಬಿಣದ ಫ್ರೇಮ್ ಆಗಿದ್ದರೆ ಡಿರೈಲರ್ ಬಹುಶಃ ಹಿಂದಿನ ಆಕ್ಸಲ್ ನಟ್ ಹಿಡಿದಿರುವ ತಗಡಿನ ಪಟ್ಟಿಯ ಮೇಲೆ ನಿಂತಿದೆ. ಅಂಥ ಸೈಕಲ್‌ಗಳಲ್ಲಿ ಪಂಚರ್ ಹಾಕಿಸಿದ ಮರುದಿನವೇ ಗೇರ್ ಕೆಡುವುದು ಮಾಮೂಲಿ ಕಥೆ. ಚಕ್ರ ಬಿಚ್ಚಿ ಹಾಕುವಾಗ ಪಟ್ಟಿ ಒಂದು ಕೂದಲೆಳೆ ಜರುಗಿದರೂ ಡಿರೈಲರ್ ಓರೆಯಾಗುತ್ತದೆ. ಆಕ್ಸಲ್ ನಟ್ ಸಡಿಲಿಸಿ, ಪಟ್ಟಿ ತನ್ನ ಜಾಗದಲ್ಲಿ ಕೂತಿದೆಯೇ, ಚಕ್ರ ಫ್ರೇಮಿನ ನಡುಮಧ್ಯ ಇದೆಯೇ ನೋಡಿ, ನಟ್ ಭದ್ರವಾಗಿ ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ.

ಮುಂದಿನ ಗೇರ್ ಬಗ್ಗೆ ನೀವು ದೂರಿಲ್ಲ, ಅದನ್ನು ಕೆದಕಲು ಹೋಗಬೇಡಿ. ಆದರೆ ಒಂದು ಅಭ್ಯಾಸ ಬಿಡಬೇಕು. ಮುಂದೆ ದೊಡ್ಡದು ಹಿಂದೆಯೂ ದೊಡ್ಡದು, ಮುಂದೆ ಚಿಕ್ಕದು ಹಿಂದೆಯೂ ಚಿಕ್ಕದು, ಈ ಎರಡು ಜೋಡಿ ಹಾಕಬೇಡಿ. ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. 21 ಗೇರ್ ಅಂತ ಅಂಗಡಿಯವರು ಹೇಳಿದರೂ ಬಳಕೆಗೆ ಬರುವುದು ಹತ್ತು ಹನ್ನೆರಡೇ.

ಇನ್ನು 4ನೇ ಗೇರ್ ಜಾರುವುದು. ಮೂರರಲ್ಲಿ ಹೆಚ್ಚು ದುಡ್ಡು ಕೇಳುವ ತೊಂದರೆ ಇದೊಂದೇ. ಅಡ್ಜಸ್ಟ್ ಮಾಡಿದ ಮೇಲೂ ಬರೀ 4ರಲ್ಲಿ, ಬರೀ ಒತ್ತಿ ತುಳಿದಾಗ ಜಾರಿದರೆ ಆ ಚಕ್ರದ ಹಲ್ಲು ಸವೆದಿದೆ. ಇಂಥ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರ, ಮುಂದೆ 42, 34, 24 ಇರುತ್ತವೆ. ಮಂಡ್ಯದ ಸಮತಟ್ಟು ರಸ್ತೆಯಲ್ಲಿ ಮುಂದೆ ನಡುವಿನದು, ಹಿಂದೆ 4ನೆಯದು ಹಾಕಿ ಹಾಗೇ ವರ್ಷಗಟ್ಟಲೆ ತುಳಿದಿರುತ್ತೀರಿ. ಅದೊಂದೇ ಸವೆದಿರುತ್ತದೆ, ಅಕ್ಕಪಕ್ಕದವು ಗಟ್ಟಿಯಾಗಿರುತ್ತವೆ. ಇದನ್ನು ಯಾವ ಸ್ಕ್ರೂ ತಿರುಗಿಸಿಯೂ ಸರಿ ಮಾಡಲು ಆಗುವುದಿಲ್ಲ. ಎಲ್ಲ ಗೇರಿನಲ್ಲೂ, ಲೆಕ್ಕ ಹಿಡಿದಂತೆ ಮೂರು ಸುತ್ತು ಪೆಡಲಿಗೊಮ್ಮೆ ಜಾರುತ್ತಿದ್ದರೆ ಮಾತ್ರ ಕಥೆ ಬೇರೆ. ಚೈನಿನಲ್ಲಿ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ, ಮಡಚುತ್ತಿಲ್ಲ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಪುಲ್ಲಿ ಹತ್ತಿರ ನೋಡಿದರೆ ಆ ಕೊಂಡಿ ಕುಪ್ಪಳಿಸುವುದು ಕಾಣುತ್ತದೆ.

ಚೈನು ಎಷ್ಟು ಸವೆದಿದೆ ಅಂತ ಅಳೆಯಲು ನಿಮ್ಮ ಮಕ್ಕಳ ಜಾಮಿಟ್ರಿ ಬಾಕ್ಸಿನ ದೊಡ್ಡ ಸ್ಕೇಲ್ ಸಾಕು, ಇಂಚಿನ ಗೆರೆ ಇರುವುದು. ಚೈನಿನ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ ಮುಂದಿನ 24ನೇ ಪಿನ್ನು 12 ಇಂಚಿನ ಗೆರೆಯ ಮೇಲೇ ಕೂರಬೇಕು. ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿ.ಮೀ. ಆಚೆಗೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಭಾಗ, 3 ಮಿ.ಮೀ. ದಾಟಿದ್ದರೆ ಅದು ಫ್ರೀವೀಲನ್ನೂ ತಿಂದುಹಾಕಿದೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಜಾರುವುದು ಇನ್ನೂ ಜಾಸ್ತಿಯಾಗುತ್ತದೆ. ಹೊಸ ಚೈನಿನ ಅಳತೆಗೂ ಸವೆದ ಹಲ್ಲಿಗೂ ಹೊಂದುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿ.

ಚೈನು ಕೇಳುವಾಗ 6-7-8 ಸ್ಪೀಡ್ ಚೈನು ಅಂತಲೇ ಕೇಳಿ. ಮಾಮೂಲಿ ಸೈಕಲ್ ಚೈನು ಅಗಲ ಜಾಸ್ತಿ, ಗೇರಿಗೆ ಆಗುವುದಿಲ್ಲ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಕೊಂಡಿ ಎಣಿಸಿ ಕತ್ತರಿಸಿ. ಉದ್ದ ನೋಡಿ ಕತ್ತರಿಸಿದರೆ ತಪ್ಪುತ್ತದೆ, ಹಳೆಯದು ಸವೆದು ಉದ್ದವಾಗಿದೆಯಲ್ಲ. ಆಮೇಲಿನ ಆರೈಕೆ ದೊಡ್ಡ ವಿಷಯ ಅಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚೈನು ಒರೆಸಿ, ಒಣಗಿದ ಮೇಲೆ ಹೊಲಿಗೆ ಮಷೀನ್ ಎಣ್ಣೆಯನ್ನೋ ಚೈನ್ ಎಣ್ಣೆಯನ್ನೋ ಕೊಂಡಿಗೊಂದು ತೊಟ್ಟು ಬಿಡಿ, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಹೊಲಿಗೆ ಎಣ್ಣೆ ತೆಳು, ಮಳೆಗೆ ಬೇಗ ಹೋಗುತ್ತದೆ, ಆಗಾಗ ಹಾಕಬೇಕು. ಗಾಡಿಯ ಗೇರ್ ಆಯಿಲ್ ಬೇಡ, ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಗಿನ ಚಳಿಯಲ್ಲಿ ನಿಮ್ಮ ಚೈನಿನ ಗತಿ ಯೋಚಿಸಿ.

ಏರಿನ ಬಗ್ಗೆ ಒಂದು ಮಾತು. ಕರಿಘಟ್ಟವೇ ಇರಲಿ, ಚಾಮುಂಡಿ ಬೆಟ್ಟವೇ ಇರಲಿ, ಏರು ಶುರುವಾಗುವ ಮೊದಲೇ ಹಿಂದೆ ದೊಡ್ಡ ಚಕ್ರಕ್ಕೆ ಏರಿಸಿಕೊಳ್ಳಿ. ನಡು ಏರಿನಲ್ಲಿ ಪೂರ್ತಿ ಭಾರ ಹಾಕಿ ತುಳಿಯುತ್ತಾ ಶಿಫ್ಟರ್ ಒತ್ತಿದರೆ ಚೈನು ಹಲ್ಲು ಎರಡಕ್ಕೂ ಏಟು. ಬದಲಿಸಲೇಬೇಕಾದರೆ ಅದಕ್ಕೆ ಮುಂಚೆ ಎರಡು ತುಳಿತ ಜೋರಾಗಿ ಹಾಕಿ, ಮೂರನೆಯದನ್ನು ಹಗುರ ಮಾಡಿ, ಆ ಹೊತ್ತಿಗೆ ಕ್ಲಿಕ್ ಕೊಡಿ. 1ನೇ ಗೇರ್ ವಾಪಸ್ ಬಂದ ಮೇಲೆ ಮುಂದೆ 24, ಹಿಂದೆ 28 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತೂ ತಿರುಗುವುದಿಲ್ಲ. ನಿಧಾನವೇ, ಆದರೆ ಮಂಡಿಗೆ ಸುಖ.

ಫ್ರೀವೀಲ್ ಬದಲಿಸಬೇಕಾಗಿ ಬಂದರೆ ಅದೊಂದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನೀವು ತುಳಿದಷ್ಟೂ ಅದು ಹಬ್ ಮೇಲೆ ಬಿಗಿಯಾಗುತ್ತಾ ಹೋಗಿರುತ್ತದೆ. ಬಿಚ್ಚಲು ಅದರದೇ ರಿಮೂವರ್, ಉದ್ದನೆ ಸ್ಪ್ಯಾನರ್ ಬೇಕು. ಬರೀ ಹಿಂದಿನ ಚಕ್ರ ಬಿಚ್ಚಿ ಅಂಗಡಿಗೆ ಕೊಟ್ಟು, 14-28ರ 7 ಸ್ಪೀಡ್ ಫ್ರೀವೀಲ್ ಹಾಕಿಸಿಕೊಂಡು ಬನ್ನಿ. ಹೊಸದರ ಕೊರಳಿಗೆ ಒಂಚೂರು ಗ್ರೀಸ್ ಸವರಿ ಹಾಕಲು ಹೇಳಿ, ಮುಂದಿನ ಸಲ ಬಿಚ್ಚುವವರಿಗೆ ಸುಲಭವಾಗುತ್ತದೆ. ಚಕ್ರ ಮನೆಗೆ ತಂದು ಕೂರಿಸಿದ ಮೇಲೆ ಎಲ್ ಸ್ಕ್ರೂ ಸರಿಯಿದೆಯೇ ಅಂತ ಕೈಯಲ್ಲಿ ತಳ್ಳಿ ನೋಡಿ, ಅಡ್ಜಸ್ಟರ್ ಇನ್ನೊಮ್ಮೆ ಹೊಂದಿಸಿ, ಆಮೇಲೆ ರಸ್ತೆಗೆ ಇಳಿಸಿ.